ತೊಳೆಯದ ರೋಲು

ಅಣ್ಣಿಗೇರಿಯ ಮಶಾಕಸಾಬರ ಗಾಡಿ ಮೊದಲು ಒಂದು ದವಾಖಾನೆಯದಾಗಿತ್ತು. ಹರಾಜಿನಲ್ಲಿ ಹಿಡಿದು ತಂದು, ಬಾಗಿಲ ಮೇಲಿನ ಕೆಂಪು ಗುರುತಿಗೆ ಹಸಿರು ಬಣ್ಣ ಬಳಿದಿದ್ದರು. ಬಿಸಿಲು ಬಿದ್ದರೆ ಗುರುತು ಮತ್ತೆ ಕಾಣುತ್ತಿತ್ತು. ರೋಗಿ ಮಲಗುವಲ್ಲಿ ಅವರ ಹಾಸಿಗೆ, ಬಾಜುವಿಗೆ ಸೀಮೆಎಣ್ಣೆ ಸ್ಟೋವು, ಹಿಂದಿನ ಮೂಲೆಯಲ್ಲಿ ಕಪ್ಪು ಬಟ್ಟೆ ಕಟ್ಟಿ ಫೋಟೊ ತೊಳೆಯುವ ಜಾಗ. ದಸರೆ ಮುಗಿಯಿತೆಂದರೆ ಈ ಗಾಡಿಯಲ್ಲೇ ಉಂಡು, ಮಲಗಿ, ಊರೂರು ತಿರುಗುವರು.

"ಜಡ್ಡಿಲ್ಲದವ್ರು ಆ ಗಾಡ್ಯಾಗ ಮಲಗಿದ್ದು ನಿಮ್ಮನ್ನೊಬ್ಬರನ್ನ ನೋಡೇನಿ" ಎಂದು ಹೆಂಡತಿ ನಸೀಮಾಬಿ ಹಂಗಿಸುತ್ತಿದ್ದಳು.

ಹೊಟ್ಟೆಪಾಡು ಜನರ ಫೋಟೊದಿಂದ. ಗಾಡಿಯ ಮಗ್ಗುಲಿಗೆ ಗುಡ್ಡ, ಜಲಪಾತ ಬರೆದ ಪರದೆ ಇಳಿಬಿಟ್ಟರೆ, ಗುಡ್ಡವನ್ನೇ ಕಾಣದ ಎರೆಸೀಮೆಯ ಜನ ಅದರ ಮುಂದೆ ತಲೆ ಬಾಚಿಕೊಂಡು ಕೂಡುತ್ತಿದ್ದರು. ಸಾಬರಿಗೆ ಬೇಕಾದದ್ದು ಪರದೆಯ ಹಿಂದಿನದು: ಗಿಡವಿಲ್ಲದ, ದಿಬ್ಬವಿಲ್ಲದ ಕರಿ ನೆಲ, ಅದರ ಮೇಲೆ ಆಕಾಶ. ಅದನ್ನು ಕೊಳ್ಳುವವರಿರಲಿಲ್ಲ. ಏನೂ ಇಲ್ಲದ್ದನ್ನು ಯಾಕೆ ತೆಗೆಯುತ್ತೀರಿ ಎಂದು ಅವರ ಓಣಿಯವಳಾದ ನಾನೊಮ್ಮೆ ಕೇಳಿದೆ.

"ಏನೂ ಇಲ್ಲ ಅಂತ ತೋರಿಸೂದ ಭಾಳ ತ್ರಾಸರಿ, ಅಕ್ಕಾರ" ಎಂದರು.

ಎಪ್ಪತ್ನಾಲ್ಕರ ಕಾರ್ತಿಕದಲ್ಲಿ ಗಾಡಿ ಯರಗುಪ್ಪಿಯ ಆಚೆಗಿನ ಒಂದು ಹಳ್ಳಿಯಲ್ಲಿ ನಿಂತಿತ್ತು. ಹಿಂದಿನ ದಿನ ಮಳೆಯಾಗಿತ್ತು. ಬೆಳಗಿನ ಜಾವ ಹೊಲದ ಮೇಲೆ ಸೊಂಟದೆತ್ತರಕ್ಕೆ ಮಂಜು ಹಾಸಿ, ಅದರ ಮೇಲೆ ಮುಗಿಲು ಸ್ವಚ್ಛವಾಗಿತ್ತು. ನೆಲ ಮತ್ತು ಮುಗಿಲು ಹೀಗೆ ಬಿಟ್ಟು ನಿಲ್ಲುವುದಕ್ಕೆ ಸಾಬರು ಎಷ್ಟೋ ವರ್ಷ ಕಾದಿದ್ದರು. ಗಾಡಿಯನ್ನು ಹೊಲದ ಅಂಚಿಗೆ ಒಯ್ದು, ಅದರ ನೆತ್ತಿ ಹತ್ತಿ, ರೋಲು ತೀರುವ ತನಕ ತೆಗೆದರು.

ತಿರುಗಿ ಬಂದು ಗುಡಿಯ ಮುಂದೆ ಗಾಡಿಯಿಂದ ಇಳಿದಾಗ, ಕಟ್ಟೆಯ ಮೇಲೆ ಊರ ಹಿರಿಯ ಶಿದ್ಲಿಂಗಪ್ಪ ಕೂತಿದ್ದ.

"ಎಲ್ಲಿ ಹೋಗಿದ್ರಿ ಸಾಬ್ರ, ಇಷ್ಟ ಲಗೂನ?"

"ಬೈಲಕಡಿ ಫೋಟೊ ತಗ್ಯಾಕ ಹೋಗಿದ್ನಿರಿ."

ನಮ್ಮ ಕಡೆ ಬೈಲಕಡೆ ಹೋಗುವುದೆಂದರೆ ಚೊಂಬು ಹಿಡಿದು ಹೋಗುವುದು. ಮನೆಯಲ್ಲಿ ಉರ್ದು ಆಡಿದರೂ ಸಾಬರಿಗೆ ಇದು ಗೊತ್ತಿತ್ತು. ಖುಷಿಯಲ್ಲಿ ನಾಲಿಗೆ ತಪ್ಪಿತು.

"ಚೊಂಬಿಂದೂ ಒಂದ ತಗದ್ರಿಲ್ಲೊ?" ಎಂದು ಶಿದ್ಲಿಂಗಪ್ಪ ಕೇಳಿದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಹೊಸದಾಗಿ ಮದುವೆಯಾಗಿದ್ದ ಈರಪ್ಪ ಮಾತ್ರ ನಗಲಿಲ್ಲ.

"ಆ ಹೊತ್ನ್ಯಾಗ ಆ ಕಡಿ ಹೆಂಗಸ್ರು ಹೋಗ್ತಾರಲೇ" ಎಂದ.

ಈರಪ್ಪ ಎದ್ದು ಬಂದು ಕ್ಯಾಮೆರಾದ ಪಟ್ಟಿಗೆ ಕೈ ಹಾಕಿದ. "ರೋಲು ತಗೀ ಹೊರಗ."

"ಬೆಳಕಿಗೆ ತಗದ್ರ ಎಲ್ಲಾ ಹೋಗ್ತೈತ್ರಿ! ಈಗ ಇಲ್ಲೇ ತೊಳದು ತೋರಿಸ್ತೀನಿ. ಮಣ್ಣು, ಮುಗಲು, ಮತ್ತೇನಿಲ್ಲ."

"ಆತು, ತೊಳೀರಿ" ಎಂದ ಶಿದ್ಲಿಂಗಪ್ಪ. "ಎಲ್ಲಾರೂ ನೋಡೂಣು."

ಗಂಡಸರು ಗಾಡಿಯ ಸುತ್ತ ನೆರೆದರು. ಹಿಂದಿನವರಿಗೆ ಕಾಣುವುದಿಲ್ಲವೆಂದು ನೂಕಾಟವೂ ಆಯಿತು. ಶಿದ್ಲಿಂಗಪ್ಪನ ಅಕ್ಕ ರೇವವ್ವ ಹಿತ್ತಲಿನಿಂದ ಸಗಣಿ ಕೈಯಲ್ಲೇ ಬಂದಳು. ವಯಸ್ಸಾದ ವಿಧವೆ, ಊರಲ್ಲಿ ಅವಳ ಬಾಯಿಗೆ ಎದುರಿಲ್ಲ.

"ಎಲ್ಲಾರೂ ಅಂದ್ರ ಯಾರ್ಯಾರಪಾ ನೋಡಾವ್ರು?"

"ನೀ ಸುಮ್ನಿರಬೇ ಆಯಿ. ನಿಮ್ಮ ಮಾನದ ಸಲುವಾಗೇ..." ಎಂದ ಈರಪ್ಪ.

"ಅದರಾಗ ನಾವಿದ್ರ, ನೋಡಿದಾಂವ ಅಂವಾ ಒಬ್ಬ. ಈಗ ನೀವು ಊರಮಂದಿಯೆಲ್ಲಾ ನೋಡಾಕ ಪಾಳಿ ಹಚ್ಚೀರಿ. ಇದ್ಯಾವ ಮಾನಲೇ?"

ಅವಳು ಸಾಬರ ಕಡೆ ತಿರುಗಿದಳು.

"ಖರೇ ಹೇಳು. ಮಂದಿ ಅದಾರೋ ಇಲ್ಲೋ ಅದರಾಗ?"

ಇಲ್ಲವೆಂದಿದ್ದರೆ ಮುಗಿಯುತ್ತಿತ್ತು. ಆದರೆ ಸಾಬರು ನೋಡಿದ್ದು ಮಂಜನ್ನು. ಅದರ ಅಂಚಿನಲ್ಲಿ, ಬಹಳ ದೂರ, ಕರಿ ಚುಕ್ಕೆಗಳಿದ್ದವು. ಜಾಲಿಯ ಕಂಟಿಯೋ, ಮನುಷ್ಯರೋ, ಅವರು ಲಕ್ಷ್ಯ ಕೊಟ್ಟಿರಲಿಲ್ಲ.

"ಗೊತ್ತಿಲ್ಲ ಯವ್ವಾ. ಮಂಜಿತ್ತು."

ಹೀಗೆಂದು ಅವರು ಕ್ಯಾಮೆರಾದ ಬೆನ್ನು ತೆರೆದು, ರೋಲನ್ನು ಎಳೆದು ಬಿಸಿಲಿಗೆ ಹಿಡಿದರು. ಕೇಳಿದ್ದ ಈರಪ್ಪನೇ ಒಂದು ಹೆಜ್ಜೆ ಹಿಂದೆ ಸರಿದ. ಸಾಬರು ಅದನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

ಫೋಟೊದ ಜೊತೆಗೆ, ತಾವು ನಿರಪರಾಧಿ ಎಂದು ತೋರಿಸುವ ದಾರಿಯೂ ಹೋಯಿತು. ಏನೋ ಇದ್ದದ್ದಕ್ಕೇ ರೋಲು ಕೆಡಿಸಿದನೆಂದು ಹೇಳುವವರು ಈಗಲೂ ಇದ್ದಾರೆ. ನೋಡಿ ತೀರ್ಮಾನಿಸುವುದೇ ಅಪರಾಧವಾಗುವಲ್ಲಿ ಸಾಕ್ಷ್ಯ ಕೇಳಬಾರದು. ಆ ದಿನ ಇದನ್ನು ತಿಳಿದವರು ಅಲ್ಲಿ ಇಬ್ಬರೇ ಇದ್ದರು.

"ನಾಳೆ ನಾವು ಹಳ್ಳದ ಕಡಿ ಹೋಗ್ತೀವಿ. ಈ ಕಡಿ ನೀ ತಕ್ಕೊ" ಎಂದಳು ರೇವವ್ವ.

ಮರುದಿನ ಮಂಜಿರಲಿಲ್ಲ. ಗಾಡಿಯ ಕಿಟಕಿಯಿಂದ ಸಾಬರಿಗೆ ಹೆಂಗಸರು ಹಳ್ಳದ ಕಡೆ ಹೋಗುವುದು ಕಂಡಿತು. ದಾರಿ ದೂರ, ಕೆಸರು ಬೇರೆ. ಎಲ್ಲರಿಗಿಂತ ಹಿಂದೆ, ಸೀರೆಯ ನಿರಿಗೆ ಎತ್ತಿ ಹಿಡಿದು, ಮೊಣಕಾಲು ನೋವಿನ ರೇವವ್ವ. ಅವರು ತಿರುಗಿ ಬರುವ ಮೊದಲೇ ಸಾಬರು ಗಾಡಿ ಚಾಲೂ ಮಾಡಿ ಊರು ಬಿಟ್ಟರು.

ಆಮೇಲೆ ಯಾವ ಹಳ್ಳಿಗೆ ಹೋದರೂ ಅವರು ಮೊದಲು ಹುಡುಕುತ್ತಿದ್ದದ್ದು ಒಬ್ಬ ಮುದುಕಿಯನ್ನು. "ನಿಮ್ಮ ಕಡಿ ಯಾವುದವ್ವಾ?" ಎಂದು ಕೇಳುವರು. ಕೆಲವರು ಬೈದರು, ಬಹಳ ಮಂದಿ ನಕ್ಕು ಕೈ ತೋರಿಸಿದರು. ಆ ದಿಕ್ಕಿಗೆ ಗಾಡಿಯ ಬೆನ್ನು ಮಾಡಿ ನಿಲ್ಲಿಸುವರು. ಎಷ್ಟೋ ಊರಲ್ಲಿ ಅದು ಮೂಡಣ ದಿಕ್ಕೇ ಆಗಿರುತ್ತಿತ್ತು. ಅಲ್ಲಿ ಬೆಳಗು ಹೇಗೆ ಬಂತೆಂಬುದು ಅವರ ಫೋಟೊಗಳಲ್ಲಿ ಇಲ್ಲ.