ಧನಕವಡಿಗೆ ತಂದ ಸಮುದ್ರ

1999ರ ಮಾರ್ಚ್‌ನಲ್ಲಿ ಪುಣೆಯ ಧನಕವಡಿಯ ಕಾಲೇಜೊಂದರ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಹೆಣ್ಣು ಹಾರ್ಸ್‌ಶೂ ಕ್ರ್ಯಾಬ್ ಸತ್ತಿತು. ಆಗ ನಾನು ಅದೇ ಊರಿನ ಸದಾಶಿವ ಪೇಠದಲ್ಲಿ ಪಶುವೈದ್ಯನಾಗಿದ್ದೆ. ಮರಣೋತ್ತರ ಪರೀಕ್ಷೆ ಮಾಡಿದವನು ನಾನೇ.

ಹೆಸರಿನಲ್ಲಿ ಏಡಿ ಎಂದಿದ್ದರೂ ಈ ಜೀವಿ ಚೇಳು, ಜೇಡಗಳ ಬಂಧು. ಕುದುರೆಯ ಲಾಳದಂಥ ಕವಚ, ಸೂಜಿಯಂಥ ಬಾಲ. ರಕ್ತದಲ್ಲಿ ತಾಮ್ರವಿರುವುದರಿಂದ ಅದು ಗಾಳಿ ತಗುಲಿದರೆ ನೀಲಿಯಾಗುತ್ತದೆ. ಬ್ಯಾಕ್ಟೀರಿಯಾದ ವಿಷ ಲೇಶವಿದ್ದರೂ ಹೆಪ್ಪುಗಟ್ಟುತ್ತದೆ. ಚುಚ್ಚುಮದ್ದುಗಳ ಶುದ್ಧತೆಯನ್ನು ಪರೀಕ್ಷಿಸಲು ಈ ಗುಣವನ್ನೇ ಬಳಸುತ್ತಾರೆ. ನಮ್ಮ ದೇಶದಲ್ಲಿ ಇವು ಇರುವುದು ಒರಿಸ್ಸಾ, ಬಂಗಾಳದ ಕರಾವಳಿಯಲ್ಲಿ.

ಒರಿಸ್ಸಾ ಪ್ರವಾಸಕ್ಕೆ ಹೋದ ವಿದ್ಯಾರ್ಥಿಯೊಬ್ಬ, ಮೊಟ್ಟೆಯಿಡಲು ದಡಕ್ಕೆ ಬಂದಿದ್ದ ಜೋಡಿಯಿಂದ ಹೆಣ್ಣನ್ನು ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ರೈಲಿನಲ್ಲಿ ತಂದಿದ್ದ. ಕಿವಿರು ಒದ್ದೆಯಾಗಿದ್ದರೆ ಅದು ನೀರಿಲ್ಲದೆಯೂ ಬಹಳ ಹೊತ್ತು ಬದುಕುತ್ತದೆ. ಅಧ್ಯಾಪಕಿ ಶಾಂತಾ ದೇಸಾಯಿ ಧಾರವಾಡದವರು. ವಿಷಯ ತಿಳಿದೊಡನೆ ಅರಣ್ಯ ಇಲಾಖೆಗೆ ತಿಳಿಸಿ, ಪ್ರಾಣಿಯನ್ನು ಅದರ ದಡಕ್ಕೇ ಮರಳಿಸಲು ಅನುಮತಿ ಕೇಳಿದರು. ಅನುಮತಿ ಬರುವವರೆಗೆ ಅದನ್ನು ಬದುಕಿಸಬೇಕಿತ್ತು.

"ನಾಯಿ, ಬೆಕ್ಕು ನೋಡಿದ ಕೈಲೇ ಇದನ್ನೂ ಒಮ್ಮೆ ನೋಡ್ರಿ ಡಾಕ್ಟರ. ನಾಡಿ ಎಲ್ಲಿ ಅದ ಅಂತ ಮಾತ್ರ ನನ್ನ ಕೇಳಬ್ಯಾಡ್ರಿ" ಎಂದು ನನ್ನನ್ನು ಕರೆಸಿದರು.

ಔಷಧಕ್ಕಿಂತ ಅದಕ್ಕೆ ಬೇಕಿದ್ದದ್ದು ಸಮುದ್ರದ ನೀರು. ಸ್ವಾರಗೇಟಿನಲ್ಲಿ ಹೋಟೆಲ್ ನಡೆಸುತ್ತಿದ್ದ ಕುಂದಾಪುರದ ಶೀನಣ್ಣನಿಗೆ ರತ್ನಾಗಿರಿಯಿಂದ ಟೆಂಪೋದಲ್ಲಿ ಮೀನು ಬರುತ್ತಿತ್ತು. ಅವನನ್ನು ಕರೆತಂದೆ.

ತೊಟ್ಟಿಯೊಳಗೆ ಇಣುಕಿದ ಶೀನಣ್ಣ, "ಎಂತದು ಮಾರಾಯ್ರೆ, ಬಾಣಲೆಗೆ ಬಾಲ ಬಂದ ಹಾಗೆ ಉಂಟು! ತಿನ್ಲಿಕ್ಕೆ ಆಗ್ತದಾ?" ಎಂದ.

"ತಿಂದು ನೋಡ್ರಿ, ನಿಮ್ಮ ಹೋಟೆಲ್ ಬಾಗ್ಲಾ ಹಾಕಸ್ತೀನಿ. ಅದು ಬಸುರಿ ಅದರಿ" ಎಂದರು ಶಾಂತಾ.

ಶೀನಣ್ಣನ ನಗು ನಿಂತಿತು. "ಹಾಗಾದ್ರೆ ನೀರಿನ ಚಿಂತೆ ನಿಮಗೆ ಬೇಡ ಮೇಡಂ."

ಮೀನಿನ ಟೆಂಪೋದಲ್ಲೇ ಸಮುದ್ರದ ನೀರು ತುಂಬಿಕೊಂಡು ಮೊದಲ ಸಲ ಬಂದ ಕ್ಯಾನುಗಳು ಮೀನಿನ ವಾಸನೆ ಹೊಡೆಯುತ್ತಿದ್ದವು. ಪ್ರಾಣಿ ಚೇತರಿಸಿಕೊಂಡು ತೊಟ್ಟಿಯ ಮರಳನ್ನು ಕೆದಕತೊಡಗಿತು. ನೀರು ಕಲುಷಿತವಾದಾಗ ಮತ್ತೆ ತರಿಸಿದೆವು. ಈ ಸಲ ಕ್ಯಾನುಗಳು ಥಳಥಳ ಹೊಳೆಯುತ್ತಿದ್ದವು. ನೀರು ಬದಲಿಸಿದ ಮರುದಿನ ಅದು ಕಾಲು ಮಡಚಿ ಬಿದ್ದಿತ್ತು. ಒರಿಸ್ಸಾದ ಅನುಮತಿ ಅಷ್ಟರಲ್ಲಿ ಬಂದಿತ್ತು.

ಕವಚ ತೆರೆದೆ. ಒಳಗೆಲ್ಲ ಮೊಟ್ಟೆ. ಪುಸ್ತಕದ ಹಾಳೆಗಳಂತಿರುವ ಕಿವಿರಿನ ಪದರಗಳು ಬಿಳಿಚಿದ್ದವು. ಖಾಲಿ ಕ್ಯಾನನ್ನು ಮೂಸಿದರೆ ಬ್ಲೀಚಿಂಗ್ ಪೌಡರ್ ವಾಸನೆ. ರಸಾಯನಶಾಸ್ತ್ರದವರು ತೊಟ್ಟಿಯ ನೀರಿನಲ್ಲಿ ಕ್ಲೋರಿನ್ ಇದೆಯೆಂದು ಖಚಿತಪಡಿಸಿದರು.

ಸಂಜೆ ಶೀನಣ್ಣ ಬಂದ. ಕ್ಯಾನು ತೊಳೆದವರು ಯಾರೆಂದು ಕೇಳಿದೆ.

"ನಾನೇ ಡಾಕ್ಟ್ರೆ. ಬಸುರಿ ಅಂದ್ರಲ್ಲ, ಹುಡುಗರ ಕೈಗೆ ಕೊಡ್ಲಿಲ್ಲ. ಟೆಂಪೋ ಹೊರಡುವ ಮೊದಲು ಪೌಡರ್ ಹಾಕಿ ತಿಕ್ಕಿದ್ದು." ನನ್ನ ಮುಖ ನೋಡಿದ. "ಅದ್ರಿಂದ್ಲೇಯಾ?"

ಹೌದೆಂದೆ.

ಶಾಂತಾ ಅವರು ಸ್ಟೂಲು ಎಳೆದು ಅವನನ್ನು ಕೂರಿಸಿದರು. "ಮೊದಲನೇ ಸಲದ ನೀರಿನ್ಯಾಗ ಅದು ಬದುಕಿತ್ತು ಶೀನಣ್ಣ. ಅದನ್ನ ತಂದವರೂ ನೀವರಿ."

ಅವನು ಹೋಗುವಾಗ ಖಾಲಿ ಕ್ಯಾನುಗಳನ್ನು ತಾನೇ ಎತ್ತಿಕೊಂಡು ಹೋದ.

ಮೊಟ್ಟೆಗಳನ್ನು ಫಾರ್ಮಲಿನ್‌ನಲ್ಲಿಟ್ಟರು. ಕವಚವನ್ನು ಒಣಗಿಸಿ ಬೀರುವಿನಲ್ಲಿಟ್ಟರು. ಅಂದಿನಿಂದ ನೀರಿನ ಪ್ರಾಣಿ ಯಾವುದೇ ಬರಲಿ, ಅದು ಬಂದ ಪಾತ್ರೆಯನ್ನು ಏನು ಹಾಕಿ ತೊಳೆದರೆಂದು ಮೊದಲು ಕೇಳುತ್ತೇನೆ.

2007ರಲ್ಲಿ ಸ್ವಾರಗೇಟಿನ ಆ ಹೋಟೆಲಿಗೆ ಹೋಗಿದ್ದೆ. ಶೀನಣ್ಣ ತೀರಿಕೊಂಡಿದ್ದ, ಅಳಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ. ಅಡುಗೆಮನೆಯ ಅಟ್ಟದ ಮೇಲೆ ಕೆಂಪು ಬಣ್ಣ ಬಳಿದ ಎರಡು ಕ್ಯಾನುಗಳಿದ್ದವು. ಅವಕ್ಕೆ ಪೌಡರ್ ಮುಟ್ಟಿಸಕೂಡದೆಂದು ಮಾವ ಹೇಳಿದ್ದರಂತೆ, ಯಾಕೆಂದು ಅಳಿಯನಿಗೆ ಗೊತ್ತಿರಲಿಲ್ಲ. ಒಂದನ್ನು ಇಳಿಸಿ ಮುಚ್ಚಳ ತೆಗೆದೆ. ಮೀನಿನ ವಾಸನೆಯಿತ್ತು.