ಸುತ್ತು ಬಸ್ಸಿನಲ್ಲಿ ಬಂದ ಪತ್ತೇದಾರಿ

"ಆ ರೂಟಲ್ಲಿ ಬಸ್ಸೇ ಇಲ್ಲ ಮಾರಾಯ್ತಿ."

ನಾನು ಡಿಗ್ರಿ ಓದುತ್ತೇನೆ ಅಂದಾಗ ಹೀಗೆ ಹೇಳಿದವರು ನನ್ನ ಸೋದರಮಾವ ಮಂಜಪ್ಪ. ಕೆರೆಕಟ್ಟೆಯಿಂದ ಹೊರಟು ಶೃಂಗೇರಿ, ಜಯಪುರ, ಕೊಪ್ಪ ಎಲ್ಲ ಸುತ್ತಿ ಎನ್.ಆರ್. ಪುರ ಮುಟ್ಟುವ ಬಸ್ಸಿನ ಕಂಡಕ್ಟರ್. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಹೈಸ್ಕೂಲು ದಾಟಿದವರಿರಲಿಲ್ಲ. ಅವ್ವ ಕೂಲಿಗೆ ಹೋಗುತ್ತಿದ್ದಳು. ಮಾವ ಏಳನೇ ಕ್ಲಾಸು. ಇಲ್ಲದ ರೂಟಿಗೆ ಟಿಕೆಟ್ ಹರಿಯುವುದು ಹೇಗೆ? ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದ ಸಂಗತಿ ಹೇಳಿದ್ದರು, ಅಷ್ಟೆ.

ಆದರೂ ಓದಿದೆ. ಯಾರೋ ಹೇಳಿದರೆಂದು ಪಿಯುಸಿಯಲ್ಲಿ ಸೈನ್ಸ್ ಹಿಡಿದು ಫೇಲಾದೆ. ಟೈಪಿಂಗ್ ಕಲಿಯಲು ಹೋದೆ. ಮತ್ತೆ ಆರ್ಟ್ಸ್‌ಗೆ ಬಂದೆ. ಕೆಲಸ ಮಾಡುತ್ತಲೇ ಬಿ.ಎ. ಮುಗಿಸಿದೆ.

ಘಟಿಕೋತ್ಸವಕ್ಕೆ ಹೋಗಲು ರಜೆ ಸಿಗಲಿಲ್ಲ. ಸರ್ಟಿಫಿಕೇಟ್ ಪೋಸ್ಟಿನಲ್ಲಿ ಕೆರೆಕಟ್ಟೆಯ ಮನೆಗೆ ಬಂತು. ನಾನಿದ್ದದ್ದು ಎನ್.ಆರ್. ಪುರದ ಡಿಟಿಪಿ ಅಂಗಡಿಯಲ್ಲಿ. (ಈಗಲೂ ಅಲ್ಲೇ ಇದ್ದೇನೆ. ನಿಮ್ಮಲ್ಲಿ ಎಷ್ಟೋ ಜನರ ಲಗ್ನಪತ್ರಿಕೆ ನನ್ನ ಕೈಯಿಂದಲೇ ಹೊರಟದ್ದು.) ಅವ್ವ ಸರ್ಟಿಫಿಕೇಟನ್ನು ಮಾವನ ಬಸ್ಸಿಗೆ ಕೊಟ್ಟು ಕಳಿಸಿದಳು. ಎಲ್ಲಾದರೂ ಬಿದ್ದೀತು ಎಂಬ ಕಾಳಜಿಯಿಂದ ಮಾವ ಅದನ್ನು ನಾಲ್ಕಾಗಿ ಮಡಚಿ, ಚರ್ಮದ ಬ್ಯಾಗಿನಲ್ಲಿ ಟಿಕೆಟ್ ಕಟ್ಟಿನ ಕೆಳಗೆ ಒತ್ತಿ ತಂದರು! ಬಸ್ಸಿನ ಕಿಟಕಿಯಿಂದಲೇ ನನ್ನ ಕೈಗೆ ಹಾಕಿ "ರೈಟ್" ಅಂದರು. ಬಸ್ಸು ಹೋಯಿತು. ಲ್ಯಾಮಿನೇಶನ್ ಮಾಡಿಸಿದರೂ ಆ ಮಡಿಕೆ ಹೋಗಿಲ್ಲ. ಇವತ್ತಿಗೂ ನನ್ನ ಡಿಗ್ರಿಯ ನಟ್ಟನಡುವೆ ನಾಲ್ಕು ರಸ್ತೆ ಕೂಡುತ್ತವೆ.

ಅವತ್ತಿನಿಂದ ನನಗೊಂದು ಚಿಲ್ಲರೆ ಆಸೆ. ಒಂದು ಸರ್ಟಿಫಿಕೇಟನ್ನಾದರೂ ಯಾರಾದರೂ ವೇದಿಕೆಯ ಮೇಲೆ ಕರೆದು ಕೊಡಬೇಕು. ಅವ್ವ, ಮಾವ ಕೆಳಗೆ ಕುರ್ಚಿಯಲ್ಲಿ ಕೂತು ನೋಡಬೇಕು. ನಗುತ್ತೀರಾ? ನಗಿ. ಮನೆಯಲ್ಲಿ ಮೊದಲು ಓದಿದವರು ಯಾರೂ ನಗಲಾರರು.

ಹಾಗಾಗಿ ಕೊಪ್ಪದಲ್ಲಿ ಆ್ಯನಿಮೇಶನ್ ಕೋರ್ಸ್ ಶುರುವಾದಾಗ ಮೊದಲ ವಾರವೇ ಸೇರಿದೆ. ಭಾನುವಾರದ ಕ್ಲಾಸು, ಒಂದು ವರ್ಷ, ಕೊನೆಗೆ ಪ್ರಾಜೆಕ್ಟ್. ಅದು ಪಾಸಾದವರಿಗೆ ಮಾತ್ರ ಸಮಾರಂಭ, ಸರ್ಟಿಫಿಕೇಟ್.

ಪ್ರಾಜೆಕ್ಟಿಗೆ ಎಲ್ಲರೂ ಆಮೆ, ಮೊಲ ಹಿಡಿದರು. ನಾನು ಹಿಡಿದದ್ದು ಲ್ಯಾಬಿನಲ್ಲಿದ್ದ ಒಂದು ಕಂಪ್ಯೂಟರ್ ಗೇಮ್. ಕಡಲ ನಡುವೆ ಒಂದು ದೀಪಸ್ತಂಭ. ಅದರ ದೀಪ ನೋಡಿಕೊಳ್ಳುವ ಮುದುಕ ಒಂದು ದಿನ ಕಾಣೆಯಾಗುತ್ತಾನೆ. ಪತ್ತೆ ಮಾಡಲು ಬರುವವಳು ಒಬ್ಬ ಹುಡುಗಿ. ಹೆಜ್ಜೆಹೆಜ್ಜೆಗೂ ಗೇಮ್ ನಮ್ಮನ್ನೇ ಕೇಳುತ್ತದೆ: ಮೆಟ್ಟಿಲು ಹತ್ತುತ್ತೀಯೋ, ದೋಣಿಯ ಕಡೆ ಹೋಗುತ್ತೀಯೋ? ನಾವು ಒತ್ತಿದ ಕಡೆ ಕಥೆ ತಿರುಗುತ್ತದೆ. ಒಟ್ಟು ಒಂಬತ್ತು ಕೊನೆ. ಒಂದರಲ್ಲಿ ಅಡುಗೆಯವ ಅಪರಾಧಿ. ಒಂದರಲ್ಲಿ ದೋಣಿಯವ. ಇನ್ನೊಂದರಲ್ಲಿ ಡಾಕ್ಟರು! ಇದನ್ನು ಟಿ.ವಿ.ಯ ಕಾರ್ಟೂನ್ ಧಾರಾವಾಹಿಯಾಗಿ ಬರೆದು, ಒಂದು ಕಂತಿನ ತುಣುಕು ಮಾಡಿ ತೋರಿಸುವುದು ನನ್ನ ಪ್ಲಾನ್. (ಬರೀ ಅಭ್ಯಾಸಕ್ಕೆ. ಯಾವ ಚಾನೆಲ್‌ನಲ್ಲಿ ಬರುತ್ತದೆ ಅಂತ ದಯವಿಟ್ಟು ಫೋನ್ ಮಾಡಬೇಡಿ.)

ಆಗುವುದಿಲ್ಲ ಅಂದ ಎರಡನೆಯವರು ನಮ್ಮ ಪ್ರಾಜೆಕ್ಟ್ ಸರ್.

"ಟಿ.ವಿ.ಗೆ ಮೌಸ್ ಇಲ್ಲಮ್ಮ. ಒಂದೇ ಕೊನೆ ಇಟ್ರೆ ಉಳಿದ ಎಂಟೂ ವೇಸ್ಟು. ಗೇಮ್ ಆಡಿದವರು ಬೈತಾರೆ. ಒಂಬತ್ತೂ ತೋರಿಸಿದ್ರೆ ನೋಡೋರಿಗೆ ತಲೆ ಕೆಡ್ತದೆ. ಸುಮ್ನೆ ಆಮೆ ಮೊಲ ಮಾಡಿ."

ಸರ್ ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅದೇ ಕಷ್ಟ.

ಹಳೆ ಕ್ಯಾಲೆಂಡರ್ ಹಾಳೆಗಳ ಬೆನ್ನು ಮೇಲೆ ಮಾಡಿ ಅಂಟಿಸಿ, ಇಡೀ ಗೇಮಿನ ನಕ್ಷೆ ಬರೆದೆ. ಎಲ್ಲಿ ಕಥೆ ಒಡೆಯುತ್ತದೋ ಅಲ್ಲೊಂದು ಚುಕ್ಕೆ, ಚುಕ್ಕೆಯಿಂದ ಗೆರೆಗಳು. ನನ್ನ ರೂಮಿನ ನೆಲವೆಲ್ಲ ಅದೇ. ಮೂರು ವಾರ ಅದರ ಸುತ್ತ ನಡೆದೆ. ಏನೂ ಹೊಳೆಯಲಿಲ್ಲ. ಸಲ್ಲಿಸಲು ಉಳಿದದ್ದು ಹದಿನೈದು ದಿನ. ಆಮೆಯ ಚಿತ್ರ ಬರೆಯಲು ಕೂತೇಬಿಟ್ಟಿದ್ದೆ.

ಆಗ ಅವ್ವ ಕೊಟ್ಟ ಉಪ್ಪಿನಕಾಯಿ ಭರಣಿ ಹಿಡಿದು ಮಾವ ಬಂದರು. ಬಾಗಿಲಲ್ಲೇ ನಿಂತು ನೆಲ ನೋಡಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತರು.

"ಯಾವ ರೂಟೇ ಇದು? ನಮ್ಮ ಕಡೇದಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಇದು ಬಸ್ಸಿನ ರೂಟಲ್ಲ, ಕಥೆ ಎಂದೆ. ದೀಪಸ್ತಂಭ, ಮುದುಕ, ಹುಡುಗಿ, ಎಲ್ಲ ಹೇಳಿದೆ. ಮಾವನ ಬೆರಳು ಆಗಲೇ ಒಂದು ಚುಕ್ಕೆಯ ಮೇಲಿತ್ತು.

"ಎಂತದಾದ್ರೂ ಆಗ್ಲಿ. ಇದು ಕೈಮರ ಅಲ್ಲನ?"

ಕೈಮರ ಅಂದರೆ ರಸ್ತೆ ಒಡೆಯುವಲ್ಲಿ ಊರ ಹೆಸರು ಬರೆದು ನಿಲ್ಲಿಸಿದ ಕಂಬ. ಹೌದು ಎಂದೆ.

"ಇಲ್ಲಿಂದ ಒಳಗೆ ಹೋದ್ರೆ?"

"ಅಡುಗೆಯವನೇ ಕಳ್ಳ ಅಂತ ಆಗ್ತದೆ. ಅಲ್ಲಿಗೆ ಮುಗೀತು."

"ರೋಡ್ ಮುಗೀತಾ?"

"ಹ್ಞೂಂ."

"ರೋಡ್ ಮುಗಿದ್ರೆ ಬಸ್ಸು ಅಲ್ಲೇ ಬಿಟ್ಟು ಬರ್ತೀವೇನೇ? ತಿರುಗಿಸ್ಕಂಡು ವಾಪಸ್ ಕೈಮರಕ್ಕೆ ಬಾ. ಮತ್ತೆ ಮುಂದೆ ಹೋಗು. ನಾನು ದಿನಾ ಮಾಡದು ಇದೇ ಅಲ್ಲನ?"

ನಾನು ಪೆನ್ಸಿಲ್ ಹುಡುಕತೊಡಗಿದೆ.

"ಆದ್ರೆ ಒಂದು," ಮಾವ ಬೆರಳೆತ್ತಿದರು. "ಒಳಗಿನ ಊರಿಗೆ ಹೋದ ಬಸ್ಸು ಖಾಲಿ ವಾಪಸ್ ಬರಬಾರ್ದು. ಒಬ್ಬನಾದ್ರೂ ಹತ್ತಬೇಕು. ಇಲ್ದಿದ್ರೆ ಆ ಟ್ರಿಪ್ಪು ಎಂತಕ್ಕೆ?"

ಓದುಗರೇ, ಅಷ್ಟೇ! ಹುಡುಗಿ ಮೊದಲು ಅಡುಗೆಯವನನ್ನು ಅನುಮಾನಿಸುತ್ತಾಳೆ. ಕೊನೆಯವರೆಗೆ ಹೋಗುತ್ತಾಳೆ. ತಪ್ಪು ಎಂದು ಗೊತ್ತಾಗುತ್ತದೆ. ಆದರೆ ಬರಿಗೈಯಲ್ಲಿ ಬರುವುದಿಲ್ಲ. ದಿನಕ್ಕೊಂದು ತಟ್ಟೆ ಊಟ ಎಲ್ಲಿಗೋ ಹೋಗುತ್ತಿದೆ ಎಂಬ ಸುಳಿವು ಹತ್ತಿಸಿಕೊಂಡು ಬರುತ್ತಾಳೆ. ದೋಣಿಯವನ ದಾರಿಯಿಂದ ಇನ್ನೊಂದು ಸುಳಿವು. ಡಾಕ್ಟರ ದಾರಿಯಿಂದ ಮತ್ತೊಂದು. ಒಂದು ತಪ್ಪು ದಾರಿಗೆ ಒಂದು ಕಂತು.

"ಹಂಗಾರೆ ಒಂಬತ್ತರಲ್ಲಿ ಯಾವುದು ಕಡೇದು ಮಾವ?"

"ಬಸ್ಸು ಎಲ್ಲಿ ಹಾಲ್ಟ್ ಆಗ್ತದೋ ಅದು. ಡ್ರೈವರು, ಕಂಡಕ್ಟರು ಕಾಲು ಚಾಚಿ ಮಲಗೋ ಜಾಗ." ಎದ್ದು ಪಂಚೆ ಕೊಡವಿದರು. "ನಿನ್ನ ಕಥೇಲಿರೋ ಆ ಕೂಸಿಗೆ ಎಲ್ಲಿ ನಿದ್ದೆ ಬರ್ತದೆ ನೋಡು."

ನೋಡಿದೆ. ಎಂಟು ಕೊನೆಗಳಲ್ಲಿ ಯಾರೋ ಒಬ್ಬ ಜೈಲಿಗೆ ಹೋಗುತ್ತಾನೆ. ಒಂಬತ್ತನೆಯದರಲ್ಲಿ ಕಳ್ಳನೇ ಇಲ್ಲ. ದೀಪಕ್ಕೆ ತನ್ನಷ್ಟಕ್ಕೇ ಹೊತ್ತುವ ಸ್ವಿಚ್ ಬರುತ್ತದೆಂದು ಮುನಿಸಿಕೊಂಡ ಮುದುಕ ಎಣ್ಣೆ ಕೋಣೆಯಲ್ಲಿ ಅಡಗಿ ಕೂತಿರುತ್ತಾನೆ. ಹುಡುಗಿ ಹೋಗಿ ಕೈಹಿಡಿದು ಕರೆತರುತ್ತಾಳೆ. ಅದೇ ನಮ್ಮ ಹಾಲ್ಟ್.

ಪ್ರಾಜೆಕ್ಟ್ ತೋರಿಸುವ ದಿನ ನನ್ನ ಆ್ಯನಿಮೇಶನ್ ಚೆನ್ನಾಗಿರಲಿಲ್ಲ. ಹುಡುಗಿ ನಡೆದರೆ ಹೊಸ ಚಪ್ಪಲಿ ಕಚ್ಚಿದವಳ ಹಾಗೆ ಕಾಣುತ್ತಿತ್ತು. ಅಡುಗೆಯವನ ಕಂತು ಮುಗಿದು, ಹುಡುಗಿ ಸುಳಿವು ಹಿಡಿದು ತಿರುಗಿ ಬಂದಾಗ ಸರ್ ಇದ್ದಕ್ಕಿದ್ದಂತೆ ನಕ್ಕುಬಿಟ್ಟರು.

"ನಾನು ಗೇಮ್ ಆಡಿದಾಗ ಅಲ್ಲಿಗೇ ಹೋಗಿದ್ದೆ ಕಣಮ್ಮ. ಅಡುಗೆಯವನೇ ಅಂದ್ಕೊಂಡು ಮುಗಿಸಿದ್ದೆ. ನನ್ನ ದಾರಿಯನ್ನೂ ಬಿಟ್ಟಿಲ್ಲ ನೀವು!"

ಆಮೇಲೆ ಕೇಳಿದರು, "ಯಾವ ಪುಸ್ತಕದಲ್ಲಿದೆ ಈ ಮೆಥಡ್ಡು?"

"ಪುಸ್ತಕದಲ್ಲಿಲ್ಲ ಸಾರ್. ನಮ್ಮ ಮಾವ ಹೇಳಿದ್ದು. ಕಂಡಕ್ಟರ್."

ಇಷ್ಟು ಗಟ್ಟಿಯಾಗಿ ನಾನು ಯಾವತ್ತೂ ಉತ್ತರ ಹೇಳಿರಲಿಲ್ಲ.

ದಾರಿ ಗೊತ್ತಿದ್ದ ಮನೆಯ ಮಕ್ಕಳು ನೇರ ಬಸ್ಸು ಹತ್ತುತ್ತಾರೆ. ಅಪ್ಪ ಹೇಳುತ್ತಾನೆ, ಅಣ್ಣ ಹೇಳುತ್ತಾನೆ. ನಮ್ಮಂಥವರು ಸೈನ್ಸ್ ಎಂಬ ಊರಿಗೆ ಹೋಗಿ ತಿರುಗಿ, ಟೈಪಿಂಗ್ ಎಂಬ ಊರಿಗೆ ಹೋಗಿ ತಿರುಗಿ ಬರುತ್ತೇವೆ. ತಡವಾಯಿತು ಎಂದು ನಾಚಿಕೊಂಡೇ ವರ್ಷಗಳು ಕಳೆದವು. ಆದರೆ ಆ ಟೈಪಿಂಗೇ ಅಲ್ಲವೇ ನನಗೆ ಇಂದಿಗೂ ಅನ್ನ ಕೊಡುತ್ತಿರುವುದು? ಯಾವ ಟ್ರಿಪ್ಪು ಖಾಲಿ ಬಂತು, ಹೇಳಿ?

ಕಳೆದ ಭಾನುವಾರ ಕೊಪ್ಪದಲ್ಲಿ ಸಮಾರಂಭ. ಮಾವ ರಜೆ ಹಾಕಿದ್ದರು. ನನ್ನ ಕಥೆ ಕೇಳಿದ್ದ ಅವ್ವನಿಗೆ ಒಂದೇ ಚಿಂತೆ. "ಆ ಅಜ್ಜನಿಗೆ ಊಟ ಕೊಡ್ತಿದ್ದದ್ದು ಯಾರೇ ಕಡಿಗೆ?" ಎಂದು ಕಿವಿಯಲ್ಲಿ ಕೇಳುತ್ತಲೇ ಇದ್ದಳು. ಅಡುಗೆಯವನೇ ಎಂದೆ. "ಒಳ್ಳೆಯವ್ನು. ಅವನ ಮೇಲೆ ಅನುಮಾನ ಪಟ್ರಲ್ಲ, ಪಾಪ," ಅಂದಳು.

ನನ್ನ ಹೆಸರು ಕರೆದರು. ಹೋದೆ. ಕೊಟ್ಟರು. ಎರಡೂ ಕೈಯಲ್ಲಿ ತಗೊಂಡೆ. ಕೆಳಗಿಳಿದು ಅದನ್ನು ಮಾವನ ಕೈಗಿಟ್ಟೆ. ಅವರು ಪಕ್ಕದ ಚೀಲದಿಂದ ಎರಡು ರಟ್ಟು ತೆಗೆದು, ನಡುವೆ ಅದನ್ನಿಟ್ಟು, ದಾರ ಕಟ್ಟಿದರು. ಮನೆಯಿಂದಲೇ ಅಳತೆ ಕತ್ತರಿಸಿ ತಂದಿದ್ದರು! ನಾಲ್ಕು ಮಡಿಕೆಯ ಮಾತನ್ನು ಇಷ್ಟು ವರ್ಷದಲ್ಲಿ ನಾನೂ ಎತ್ತಿರಲಿಲ್ಲ, ಅವರೂ ಎತ್ತಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಂದೆವು. ಹರಿಹರಪುರದ ಮೇಲೆ ಶೃಂಗೇರಿಗೆ ಹೋಗುವ ನೇರ ಬಸ್ಸು ನಿಂತಿತ್ತು. ಸೀಟೂ ಇತ್ತು. ಅವ್ವ ಹತ್ತಲು ಕಾಲೆತ್ತಿದ್ದಳು. ಮಾವ ರಟ್ಟನ್ನು ಎದೆಗೆ ಅವುಚಿಕೊಂಡು, ಜಯಪುರದ ಮೇಲೆ ಊರೂರು ಹೊಕ್ಕು ಹೋಗುವ ತಮ್ಮ ಸುತ್ತು ಬಸ್ಸಿನ ಕಡೆ ನಡೆದೇಬಿಟ್ಟರು.

"ಮಾವ, ಇದು ಬೇಗ ಹೋಗ್ತದಲ್ಲ?" ಎಂದು ಕೂಗಿದೆ.

ಅವರು ತಿರುಗಿಯೂ ನೋಡಲಿಲ್ಲ.

"ನೇರ ಬಸ್ಸಲ್ಲಿ ಹೋದ್ರೆ ಇದನ್ನ ಯಾರಿಗೆ ತೋರ್ಸದು ಮಾರಾಯ್ತಿ?"