ಎರಡು ಸಲ ಸಾಣೆ ಹಿಡಿಸಿದ ಬ್ಲೇಡು

ಕಾಲೇಜಿನ ಮೈದಾನದ ಹುಲ್ಲು ಹಳದಿಯಾಗತೊಡಗಿತ್ತು. ನೀರು ಸಾಲದೆಂದು ಎರಡು ದಿನ ಪೈಪು ಹಿಡಿದೆ. ಮೂರನೆಯ ದಿನ ಒಂದು ಎಸಳು ಕಿತ್ತು ನೋಡಿದರೆ ತುದಿ ಕತ್ತರಿಸಿದಂತಿರಲಿಲ್ಲ, ದನ ಜಗಿದು ಬಿಟ್ಟಂತೆ ಹರಿದಿತ್ತು. ಯಂತ್ರದ ಬ್ಲೇಡು ಮೊಂಡಾಗಿತ್ತು.

ಇಳಕಲ್ಲಿನ ಆ ಕಾಲೇಜಿನಲ್ಲಿ ನಾನು ಆಟೋಟದ ಶಿಕ್ಷಕಿ. ಮೇಲೆ ಕೂತು ಓಡಿಸುವ, ಹುಲ್ಲು ಕತ್ತರಿಸುವ ಯಂತ್ರವೊಂದು ನಮ್ಮಲ್ಲಿದೆ. ಮಾಲಿ ನಿವೃತ್ತನಾದ ಮೇಲೆ ಅದು ನನ್ನ ಕೊರಳಿಗೆ ಬಿತ್ತು. ಕ್ರೀಡಾಕೂಟಕ್ಕೆ ಎಂಟೇ ದಿನ ಉಳಿದಿತ್ತು.

ಬ್ಲೇಡು ಬಿಚ್ಚುವುದಕ್ಕೇ ಅರ್ಧ ದಿನ ಹೋಯಿತು. ಯಂತ್ರದ ಮುಂಭಾಗ ಎತ್ತಿ ನಿಲ್ಲಿಸಿ, ಬ್ಲೇಡು ತಿರುಗದಂತೆ ಮರದ ತುಂಡು ಸಿಗಿಸಿ, ಪಾನಾ ಹಾಕಿ ಜಗ್ಗಿದೆ. ನಟ್ಟು ಅಲುಗಲಿಲ್ಲ. ಪಾನಾ ಜಾರಿ ಬೆರಳ ಗಿಣ್ಣಿನ ಚರ್ಮ ಕಿತ್ತುಹೋಯಿತು. ಎಣ್ಣೆ ಬಿಟ್ಟು, ಬೈದು, ಕೊನೆಗೂ ಬಿಚ್ಚಿದೆ.

ಕುಡಗೋಲು ಹದ ಮಾಡುವ ಕಮ್ಮಾರ ಕಾಕಾನ ಬಳಿ ಒಯ್ದೆ. ‘ಚಾಕುವಿನಂಗ ಮಾಡಿಕೊಡ್ರಿ ಕಾಕಾ,’ ಅಂದೆ.

‘ಬ್ಯಾಡ್ರಿ ಅಕ್ಕೋರ. ಇದು ಗರಗರ ತಿರಗೂದು. ಅಷ್ಟು ತೆಳ್ಳಗ ಮಾಡಿದ್ರ ಒಂದು ಸಣ್ಣ ಕಲ್ಲು ಬಡದ್ರೂ ಬಾಯಿ ಹೋಗ್ತೈತಿ.’

‘ನನಗ ಗೊತ್ತೈತ್ರಿ. ನೀವು ಮಾಡ್ರಿ.’

ನನಗೆ ಏನೂ ಗೊತ್ತಿರಲಿಲ್ಲ. ಅವಸರವಿತ್ತು, ಅಷ್ಟೆ. ಅವರು ಸಾಣೆಯ ಮುಂದೆ ಕೂತರು.

ಮರುದಿನ ನಾಲ್ಕು ಸುತ್ತು ಹೊಡೆದಿರಬೇಕು, ಕೆಳಗಿನಿಂದ ಖಣಲ್ ಎಂದು ಸದ್ದಾಯಿತು. ಹುಲ್ಲಿನೊಳಗೆ ಸಣ್ಣ ಗ್ರಾನೈಟ್ ಚೂರಿತ್ತು. ಆಮೇಲೆ ಯಂತ್ರ ಎಷ್ಟು ನಡುಗಿತೆಂದರೆ ನನ್ನ ಹಲ್ಲು ಕಟಕಟ ಅಂದವು. ಮತ್ತೆ ಅದೇ ನಟ್ಟು, ಅದೇ ಗಿಣ್ಣು. ಬ್ಲೇಡಿನ ಬಾಯಲ್ಲಿ ಹೆಬ್ಬೆರಳಗಲ ಚಕ್ಕೆ ಎದ್ದಿತ್ತು.

ಕಾಕಾ ನನ್ನನ್ನು ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೇ ಚೆನ್ನಾಗಿರುತ್ತಿತ್ತು. ಅಂಚನ್ನು ದಪ್ಪವಾಗಿಯೇ ಉಳಿಸಿ ಉಜ್ಜಿದರು. ಆಮೇಲೆ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಗಿಸಿ ಬಿಟ್ಟರು. ಬ್ಲೇಡು ಎಡಕ್ಕೆ ವಾಲಿತು.

‘ಎಡಕ್ಕ ವಜ್ಜಿ ಐತ್ರಿ. ಅದಕ್ಕ ನಡಗತೈತಿ. ಆ ಕಡೆ ನೀವ ಅರ ಹಾಕ್ರಿ,’ ಎಂದು ಅರವನ್ನು ನನ್ನ ಕೈಗೆ ಕೊಟ್ಟರು.

ತಿಕ್ಕಿದೆ, ತೂಗುಹಾಕಿದೆ. ಈಗ ಬಲಕ್ಕೆ ವಾಲಿತು. ಆ ಕಡೆ ತಿಕ್ಕಿದರೆ ಮತ್ತೆ ಎಡಕ್ಕೆ. ಅಳು ಬರುವಷ್ಟು ಸಿಟ್ಟು ಬಂತು. ಬ್ಲೇಡು ಮೊಳೆಯ ಮೇಲೆ ಯಾವ ಕಡೆಗೂ ವಾಲದೆ ಸಮನಾಗಿ ನಿಂತಾಗ ಮಧ್ಯಾಹ್ನ ಕಳೆದಿತ್ತು.

ಯಂತ್ರ ನಡುಗದೆ ಓಡಿತು, ಹುಲ್ಲು ನೀಟಾಗಿ ಬಿತ್ತು. ಆದರೆ ಈ ಓಡಾಟದಲ್ಲಿ ಹುಡುಗಿಯರ ರಿಲೇ ತಂಡಕ್ಕೆ ನಾಲ್ಕು ದಿನ ಅಭ್ಯಾಸ ಮಾಡಿಸಲಾಗಲಿಲ್ಲ. ಕ್ರೀಡಾಕೂಟದ ದಿನ ಎರಡನೆಯವಳ ಕೈಯಿಂದ ಮೂರನೆಯವಳಿಗೆ ದಾಟುವಾಗ ಬ್ಯಾಟನ್ ನೆಲಕ್ಕೆ ಬಿತ್ತು.

ಓಟ ಮುಗಿದ ಮೇಲೆ ಮೂರನೆಯವಳು ಅಳುತ್ತ ಬಂದಳು. ‘ತಪ್ಪಾತ್ರಿ ಮೇಡಂ.’

‘ನಿಂದಲ್ಲವ್ವಾ,’ ಅಂದೆ, ‘ನಂದು.’